ಒಂದು ಗುಡಿಸಿನ ಅಂತರ

(ಹಾಸನದ ಒಂದು ಪುಟ್ಟ ಸಭಾಂಗಣದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ನಡುವೆ ಎರಡು ಸಲ ಕರೆಂಟು ಹೋಯಿತು. ಕತ್ತಲಲ್ಲಿ ಆಡಿದ ಮಾತೇ ಚೆನ್ನಾಗಿತ್ತು ಎಂದು ಸ್ನೇಹಿತರು ಹೇಳಿದರು. ದುರದೃಷ್ಟಕ್ಕೆ ಅದು ನನಗೆ ನೆನಪಿಲ್ಲ.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ‘ಸ್ವಸಂವಾದ ಮತ್ತು ವ್ಯಕ್ತಿತ್ವ ವಿಕಸನ’ ಎಂದು ಅಚ್ಚು ಹಾಕಿಸಿದ್ದಾರೆ. ಅಷ್ಟು ದೊಡ್ಡ ಶೀರ್ಷಿಕೆ ನೋಡಿ ನನಗೇ ಅಳುಕಾಯಿತು. ಇಲ್ಲಿಗೆ ಬರುವಾಗ ಆಟೋದಲ್ಲಿ ಕುಳಿತು, ‘ಏನಯ್ಯಾ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನಿಗೆ ಇದೆಲ್ಲ ಬೇಕಿತ್ತೇ?’ ಎಂದು ಕೇಳಿಕೊಂಡೆ. ಆಟೋದವರು ಕನ್ನಡಿಯಲ್ಲಿ ನನ್ನನ್ನು ಒಂದು ತರಹ ನೋಡಿದರು. ಬಾಯಿ ಬಿಟ್ಟೇ ಕೇಳಿಕೊಂಡಿದ್ದೆ ಎಂದು ಆಗ ಗೊತ್ತಾಯಿತು. ಹಾಗಾಗಿ ವಿಷಯ ಪ್ರವೇಶ ಆಟೋದಲ್ಲಿಯೇ ಆಗಿಹೋಗಿದೆ.

ಈ ವಿಷಯದ ಮೇಲೆ ಮಾತಾಡುವವರೆಲ್ಲ ತನ್ನನ್ನು ತಾನೇ ಮೇಲೆತ್ತಿಕೊಳ್ಳಬೇಕು ಎನ್ನುವ ಗೀತೆಯ ಆರನೆಯ ಅಧ್ಯಾಯದ ಐದನೆಯ ಶ್ಲೋಕದಿಂದ ಶುರು ಮಾಡುತ್ತಾರೆ. ನಿಮಗೆಲ್ಲ ಅದು ಬಾಯಿಪಾಠ ಇರುತ್ತದೆ, ಆದ್ದರಿಂದ ಬಿಡುತ್ತೇನೆ. ನಾನು ಶುರು ಮಾಡುವುದು ದಿನಕ್ಕೆ ನೂರು ಸಲ ನಾವು ಬಳಸುವ ಒಂದು ಕ್ರಿಯಾಪದದಿಂದ. ಮಳೆ ಬರುತ್ತದೆ ಅಂದುಕೊಂಡೆ. ಬಸ್ಸು ಹೋಗಿರುತ್ತದೆ ಅಂದುಕೊಂಡೆ. ಇವರು ಒಳ್ಳೆಯವರು ಅಂದುಕೊಂಡೆ. ಯೋಚಿಸಿದೆ, ಚಿಂತಿಸಿದೆ, ಭಾವಿಸಿದೆ ಎಂಬ ಪದಗಳೆಲ್ಲ ಪುಸ್ತಕದಲ್ಲಿ ಇವೆ. ಬಾಯಿಗೆ ಬರುವುದು ಮಾತ್ರ ‘ಅಂದುಕೊಂಡೆ’. ಅಂದರೆ ಮನಸ್ಸಿನಲ್ಲಿ ನಡೆಯುವುದು ಮಾತು ಎಂಬುದನ್ನು ನಮ್ಮ ಭಾಷೆ ಯಾವ ಪ್ರಯೋಗಾಲಯದ ಸಹಾಯವೂ ಇಲ್ಲದೆ ಗುರುತು ಹಾಕಿಟ್ಟಿದೆ. ಅನ್ನುವವನೂ ನೀನೇ, ಅನ್ನಿಸಿಕೊಳ್ಳುವವನೂ ನೀನೇ.

ಇನ್ನು ಆ ‘ಕೊಳ್ಳು’. ಬೈದುಕೊಳ್ಳುವುದು, ಹೇಳಿಕೊಳ್ಳುವುದು, ನೊಂದುಕೊಳ್ಳುವುದು, ತಿದ್ದಿಕೊಳ್ಳುವುದು, ಸಮಾಧಾನ ಮಾಡಿಕೊಳ್ಳುವುದು, ಎಲ್ಲದರ ಬಾಲದಲ್ಲೂ ಇದೆ. ಮಾಡಿದ್ದು ಮಾಡಿದವನಿಗೇ ಬಂದು ಸೇರುತ್ತದೆ ಎಂದು ಸೂಚಿಸುವ ಪದ ಇದು. ಬಿಡಿಯಾಗಿ ನಿಂತರೆ ಇದಕ್ಕೆ ಖರೀದಿ ಮಾಡು ಎಂಬ ಅರ್ಥವೂ ಇದೆ. ಸಂತೆಯಲ್ಲಿ ಸೊಪ್ಪು ಕೊಳ್ಳುತ್ತೇವೆ, ಮನಸ್ಸಿನಲ್ಲಿ ಮಾತು ಕೊಳ್ಳುತ್ತೇವೆ. ವ್ಯಾಕರಣದವರು ಕೋಪಿಸಿಕೊಳ್ಳಬಾರದು. ನೋಡಿ, ಅಲ್ಲಿಯೂ ಬಂತು! ಸೊಪ್ಪು ಕೊಳ್ಳುವಾಗ ಕಟ್ಟು ಬಿಚ್ಚಿ, ಹಳದಿ ಎಲೆ ಇದೆಯೇ, ಹುಳ ಇದೆಯೇ ಎಂದು ನೋಡುವ ನಾವು ಮಾತು ಕೊಳ್ಳುವಾಗ ನೋಡುವುದೇ ಇಲ್ಲ. ಇದನ್ನು ನಾನು ಕಲಿತದ್ದು ಒಂದು ಆಲೂಗೆಡ್ಡೆ ಮಂಡಿಯಲ್ಲಿ.

ಹಾಸನದಲ್ಲಿ ನಿಂತು ಆಲೂಗೆಡ್ಡೆಯ ವರ್ಣನೆ ಮಾಡುವ ಅಗತ್ಯವಿಲ್ಲ. ಮೇ ತಿಂಗಳು ಬಂತೆಂದರೆ ಜಲಂಧರದ ಬಿತ್ತನೆ ಗೆಡ್ಡೆ ಹೊತ್ತ ಲಾರಿಗಳು ಎಪಿಎಂಸಿಗೆ ಬರುತ್ತವೆ. ಮುಂಗಾರು ಹದವಾಗಿ ಬಿದ್ದರೆ ಬಿತ್ತನೆ, ಮೋಡ ಕವಿದು ಕೂತರೆ ಅಂಗಮಾರಿಯ ಹೆದರಿಕೆ. ಅಂಥ ಒಂದು ವರ್ಷ ಬೆಳೆ ಕೈಗೆ ಬಂದ ಕಾಲದಲ್ಲಿ ಒಂದು ಮಂಡಿಗೆ ಹೋಗಿದ್ದೆ. ಮಂಡಿ ನಡೆಸುತ್ತಿದ್ದ ಹೆಣ್ಣುಮಗಳು ನನ್ನನ್ನು ಕಂಡದ್ದೇ ಗಲ್ಲಾ ಬಿಟ್ಟು ಎದ್ದು ನಿಂತಳು. “ಸಾರ್, ಹತ್ತನೆಯ ತರಗತಿಯಲ್ಲಿ ನಮಗೆ ಲೆಕ್ಕಕ್ಕೆ ನೀವೇ ಬರುತ್ತಿದ್ದಿರಿ,” ಎಂದಳು. ಸ್ಟೂಲು ಬಂತು, ಕಾಫಿ ಬಂತು. ಅಷ್ಟರಲ್ಲಿ ಒಬ್ಬ ರೈತ ಬಂದ. ಐವತ್ತು ಕೆ.ಜಿ.ಯ 37 ಚೀಲ. ದರ ಕ್ವಿಂಟಾಲಿಗೆ 1,840 ರೂಪಾಯಿ. ಅಭ್ಯಾಸಬಲ ನೋಡಿ, ನಾನು ಒಳಗೊಳಗೇ ಹದಿನೆಂಟೂವರೆ ಕ್ವಿಂಟಾಲು ಎಂದು ಗುಣಿಸಲು ಹೊರಟೆ. ಬಿಂದು ಎಲ್ಲಿ ಇಡಬೇಕೆಂದು ನೋಡುವುದರೊಳಗೆ ಅವಳು “34,040” ಎಂದಳು.

“ಹೇಗೆ ಮಾಡಿದೆಯಮ್ಮ?”

“ಚೀಲಕ್ಕೆ 920 ಆಯಿತಲ್ಲ ಸಾರ್. ನಲವತ್ತು ಚೀಲ ಅಂತ ಇಟ್ಟುಕೊಂಡರೆ 36,800. ಮೂರು ಚೀಲ ಇಲ್ಲ. 2,760 ಕಳೆದೆ.”

ಬೋರ್ಡಿನ ಮೇಲೆ ಆವರಣ ಚಿಹ್ನೆ ಹಾಕಿ, ಒಳಗೆ ನಲವತ್ತರಲ್ಲಿ ಮೂರು ಕಳೆದು, ಹೊರಗಿನ ಸಂಖ್ಯೆಯಿಂದ ಎರಡನ್ನೂ ಗುಣಿಸಿ ಎಂದು ನಾನು ವರ್ಷಗಟ್ಟಲೆ ಅರಚಿದ್ದು ಇದನ್ನೇ. ಸಂತೋಷವಾಯಿತು. “ಭೇಷ್, ಲೆಕ್ಕದಲ್ಲಿ ಗಟ್ಟಿ ಇದ್ದೀಯ,” ಎಂದೆ. ಅವಳು ನಾಚಿಕೊಂಡು, “ಅಯ್ಯೋ ಬಿಡಿ ಸಾರ್, ಲೆಕ್ಕ ನನ್ನ ತಲೆಗೆ ಹತ್ತುವ ವಿದ್ಯೆ ಅಲ್ಲ,” ಎಂದಳು. ಆಮೇಲೆ ಮಾತಿನ ನಡುವೆ ಇನ್ನೂ ಕೆಲವು ಸಂಗತಿಗಳು ಹೊರಬಂದವು. ಬ್ಯಾಂಕಿನ ಕಾಗದ, ವರ್ಷದ ಲೆಕ್ಕಪತ್ರ ಎಲ್ಲವೂ ಮೈದುನನ ಕೈಯಲ್ಲಿ. ಇನ್ನೊಂದು ಮಳಿಗೆ ಹಿಡಿಯುವ ಅವಕಾಶ ಬಂದಿತ್ತು, ‘ಲೆಕ್ಕ ಬಾರದವಳು ಎರಡು ಕಡೆ ಹೇಗೆ ಸಂಭಾಳಿಸಲಿ’ ಎಂದು ಬಿಟ್ಟುಬಿಟ್ಟಳಂತೆ.

ಮನೆಗೆ ಬಂದ ಮೇಲೆ, ರಾತ್ರಿ ಗೇಟಿಗೆ ಬೀಗ ಹಾಕುವಾಗ, ಆ ವಾಕ್ಯ ಎಲ್ಲಿಯದೆಂದು ನೆನಪಾಯಿತು. ಅದು ನನ್ನದು. ಕಿರುಪರೀಕ್ಷೆಯ ಉತ್ತರ ಪತ್ರಿಕೆ ಕೊಟ್ಟ ದಿನ ಒಂದು ಹುಡುಗಿ ಅಳುತ್ತಾ ನಿಂತಿದ್ದಳು. ನಾನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ, ಬೈಗುಳವನ್ನು ಮಕ್ಕಳು ದಾರಿಯಲ್ಲೇ ಉದುರಿಸಿ ಹೋಗುತ್ತಾರೆ. ನಾನು ಕನಿಕರದಿಂದ, ಸಮಾಧಾನ ಮಾಡುವ ದನಿಯಲ್ಲಿ, “ಅಳಬೇಡಮ್ಮ, ಲೆಕ್ಕ ನಿನ್ನ ತಲೆಗೆ ಹತ್ತುವ ವಿದ್ಯೆ ಅಲ್ಲ, ಬೇರೆ ವಿಷಯ ಚೆನ್ನಾಗಿ ಓದು,” ಎಂದಿದ್ದೆ. ಇಪ್ಪತ್ತೆಂಟು ವರ್ಷದ ನಂತರ ಅದೇ ವಾಕ್ಯ, ಪದಕ್ಕೆ ಪದ, ನನಗೇ ವಾಪಸು ಕೇಳಿಸಿತು. ‘ನಿನ್ನ’ ಹೋಗಿ ‘ನನ್ನ’ ಆಗಿತ್ತು, ಅಷ್ಟೇ. ಕಾಗುಣಿತದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗುಡಿಸು ಬಿದ್ದುಹೋಗಿತ್ತು.

ಇವತ್ತು ನನಗೆ ಹೇಳಬೇಕಾಗಿರುವುದು ಈ ಗುಡಿಸಿನ ಕಥೆ. ನಾನು ಇಂಥವನು ಎಂದು ನಾವು ಒಳಗೊಳಗೇ ಹೇಳಿಕೊಳ್ಳುವ ವಾಕ್ಯಗಳಲ್ಲಿ ಬಹುಪಾಲು ನಮ್ಮ ಸ್ವಂತದ್ದಲ್ಲ. ಯಾರೋ ‘ನೀನು’ ಎಂದದ್ದು ಯಾವಾಗಲೋ ‘ನಾನು’ ಆಗಿರುತ್ತದೆ.

ಮಂಡಿಯ ಘಟನೆಯಾದ ಮೇಲೆ ಹುಡುಕಿ ಓದಿದ್ದರಲ್ಲಿ ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನ ಒಂದು ಅಧ್ಯಯನವಿತ್ತು, 1985ರದ್ದು. ಬೀದಿಯಲ್ಲಿ ಎಳನೀರು, ಹಣ್ಣು ಇತ್ಯಾದಿ ಮಾರುವ ಐದು ಮಕ್ಕಳ ಹತ್ತಿರ ಸಂಶೋಧಕರು ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98 ಉತ್ತರ ಸರಿ. ಅದೇ ಮಕ್ಕಳಿಗೆ ಅದೇ ಲೆಕ್ಕಗಳನ್ನು ಶಾಲೆಯ ಕ್ರಮದಲ್ಲಿ ಬರೀ ಅಂಕಿಗಳಾಗಿ ಕೊಟ್ಟರೆ ನೂರಕ್ಕೆ ಸುಮಾರು 37 ಮಾತ್ರ ಸರಿ. ಐದೇ ಮಕ್ಕಳು, ಅದರಿಂದ ಪ್ರಪಂಚದ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೆ ಓದುತ್ತಿದ್ದಾಗ ನನ್ನ ಕಿವಿ ಬಿಸಿಯಾಯಿತು.

‘ನೀನು’ ಎಂದದ್ದು ‘ನಾನು’ ಆಗುವ ಈ ವರ್ಗಾವಣೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಹೆಸರು ಹೇಳಲೇಬೇಕು. ಬಿ.ಎಡ್. ಓದುವಾಗ ಪರೀಕ್ಷೆಗೆಂದು ಉರು ಹೊಡೆದು ಮರೆತಿದ್ದ ಹೆಸರು: ಲೆವ್ ವೈಗೋಟ್‌ಸ್ಕಿ, ರಷ್ಯಾದ ಮನೋವಿಜ್ಞಾನಿ. ಕ್ಷಯರೋಗದಿಂದ 1934ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತೇಳು. ಚಿಕ್ಕ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ವಟಗುಟ್ಟುತ್ತಿರುತ್ತವಲ್ಲ, ಅದು ಇನ್ನೊಬ್ಬರ ದೃಷ್ಟಿಯಿಂದ ನೋಡಲು ಬಾರದ ವಯಸ್ಸಿನ ಮಾತು, ಬೆಳೆಯುತ್ತಾ ತಾನಾಗಿಯೇ ಉದುರಿಹೋಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಬರೆದಿದ್ದ. ವೈಗೋಟ್‌ಸ್ಕಿ ಒಪ್ಪಲಿಲ್ಲ. ಉದುರುವುದಿಲ್ಲ, ಒಳಗೆ ಇಳಿಯುತ್ತದೆ ಎಂದ. ಮೊದಲು ದೊಡ್ಡವರು ಮಗುವಿಗೆ ಹೇಳುತ್ತಾರೆ; ಆಮೇಲೆ ಮಗು ಅದನ್ನೇ ಜೋರಾಗಿ ತನಗೆ ಹೇಳಿಕೊಳ್ಳುತ್ತದೆ; ಆಮೇಲೆ ಪಿಸುಗುಡುತ್ತದೆ; ಕೊನೆಗೆ ತುಟಿ ಅಲುಗುವುದೂ ನಿಲ್ಲುತ್ತದೆ. ಆದರೆ ಮಾತು ನಿಂತಿರುವುದಿಲ್ಲ.

ನನ್ನ ಮೊಮ್ಮಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಗುಂಡಿ ಹಾಕಿಕೊಳ್ಳಲು ಕಲಿಯುತ್ತಿದ್ದಳು. “ನಿಧಾನ ಪುಟ್ಟಿ, ಕೆಳಗಿನಿಂದ ಶುರು ಮಾಡು, ಇದು ಇದಕ್ಕೆ ಅಲ್ಲ,” ಎಂದು ಅವಳಿಗೆ ಅವಳೇ ಹೇಳಿಕೊಳ್ಳುತ್ತಿದ್ದಳು. ದನಿ, ಎಳೆತ, ಆ ‘ಪುಟ್ಟಿ’, ಎಲ್ಲ ಅವಳ ಅಜ್ಜಿಯದು. ಗುಂಡಿ ಸರಿಯಾಗಿ ಕೂರದೇ ಇದ್ದಾಗ “ಥೂ, ಇದರ ಮನೆ ಹಾಳಾಗ” ಎಂದಳು. ಅದು ಯಾರದೆಂದು ಮನೆಯಲ್ಲಿ ವಿಚಾರಣೆ ನಡೆಯಿತು, ತೀರ್ಪು ನನ್ನ ವಿರುದ್ಧ ಬಂತು.

ವೈಗೋಟ್‌ಸ್ಕಿ ಹೇಳುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಐದೂವರೆ ವರ್ಷದ ಮಗು ಟ್ರಾಮ್ ಗಾಡಿಯ ಚಿತ್ರ ಬರೆಯುತ್ತಿದೆ. ಚಕ್ರ ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯುತ್ತದೆ. ಒತ್ತಿ ಬರೆದರೂ ಕಾಗದದ ಮೇಲೆ ಬಣ್ಣವಿಲ್ಲದ ಗೀರು. ‘ಮುರಿದುಹೋಯಿತು’ ಎಂದು ಮಗು ತನ್ನಷ್ಟಕ್ಕೆ ಗೊಣಗುತ್ತದೆ. ಪೆನ್ಸಿಲನ್ನು ಬದಿಗಿಟ್ಟು ಬಣ್ಣ ತೆಗೆದುಕೊಳ್ಳುತ್ತದೆ, ಆದರೆ ಈಗ ಬರೆಯುವುದು ಅಪಘಾತದಲ್ಲಿ ಮುರಿದ ಟ್ರಾಮ್! ಮುರಿದದ್ದು ಪೆನ್ಸಿಲು. ಬಾಯಿಂದ ಬಂದ ಒಂದು ಮಾತು ಗಾಡಿಯನ್ನೂ ಮುರಿದು ಹಾಕಿತು. ಹತ್ತನೆಯ ತರಗತಿಯಲ್ಲಿ ಮುರಿದದ್ದೂ ಒಂದು ಪೆನ್ಸಿಲಿನ ಮೊನೆ ಮಾತ್ರ. ನಾವು ಅಲ್ಲಿಂದ ಮುಂದೆ ಎಂಥೆಂಥ ಗಾಡಿಗಳನ್ನು ಮುರಿದೇ ಬರೆಯುತ್ತಾ ಬಂದಿದ್ದೇವೋ.

ಇನ್ನೊಬ್ಬರ ಬಾಯಿಯ ಮಾತು ನಮ್ಮ ಹೆಸರೇ ಆಗುವುದಕ್ಕೆ ನಮ್ಮ ಸೀಮೆಯಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಬೇಲೂರಿಗೆ ಹೋದಾಗ ಎಲ್ಲರೂ ಶಿಲಾಬಾಲಿಕೆಯರನ್ನು ನೋಡಿಕೊಂಡು ಬರುತ್ತಾರೆ. ಬಾಗಿಲ ಪಕ್ಕದಲ್ಲಿ ಮೃಗದ ಜೊತೆ ಹೋರಾಡುತ್ತಿರುವ ಆ ಯುವಕನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನಲ್ಲಿ ಹುಲಿ ಬಂತಂತೆ, ಜೈನ ಮುನಿ ಸುದತ್ತರು ಶಿಷ್ಯ ಸಳನಿಗೆ ‘ಹೊಯ್ ಸಳ’ ಎಂದರಂತೆ, ಅವನು ಹೊಡೆದನಂತೆ. ಇತಿಹಾಸಕಾರರು ಇದನ್ನು ದಂತಕಥೆಯೆಂದೇ ಎಣಿಸುತ್ತಾರೆ, ಶಿಲ್ಪದಲ್ಲಿ ಹುಲಿಯೂ ಸಿಂಹದಂತೆಯೇ ಕಾಣುತ್ತದೆ. ಅದಿರಲಿ. ಕಥೆ ಕಟ್ಟಿದವರ ಬುದ್ಧಿ ನೋಡಿ: ಒಬ್ಬ ಗುರು ಆಪತ್ತಿನ ಹೊತ್ತಿನಲ್ಲಿ ಕೂಗಿದ ಎರಡು ಪದ ಒಂದು ವಂಶದ ಹೆಸರಾಯಿತು. ವಿಷ್ಣುವರ್ಧನ 1117ರಲ್ಲಿ ಆ ಗುಡಿ ಕಟ್ಟಿಸುವ ಹೊತ್ತಿಗೆ ಅವರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದದ್ದೇ ಹಾಗೆ. ಸಳನ ಪುಣ್ಯ, ಅವನ ಗುರು ‘ಹೊಯ್’ ಎಂದರು. ‘ನಿನ್ನ ಕೈಯಲ್ಲಿ ಆಗುವುದಿಲ್ಲ, ಓಡು’ ಎಂದಿದ್ದರೆ? ನಾನು ಆ ಹುಡುಗಿಗೆ ಹೇಳಿದ್ದು ಅದನ್ನೇ ಅಲ್ಲವೇ.

ಹಾಗಾದರೆ ಒಳಗಿನ ಮಾತು ಯಾರದೆಂದು ತಿಳಿಯುವುದು ಹೇಗೆ? ಮೊದಲ ತೊಡಕು, ಅದು ಕೇಳಿಸುವುದೇ ಇಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರಿದ್ದರು. ನೂರು ವರ್ಷ ಬದುಕಿ 2021ರಲ್ಲಿ ಹೋದರು. ರೋಗಿಗಳು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋಗಬೇಕು, ವೈದ್ಯರು ಕೇಳುತ್ತಾ ಕೂರಬೇಕು, ಅದು ಆ ಕಾಲದ ಪದ್ಧತಿ. ಒಬ್ಬ ಮಹಿಳೆ ಬಾಯಲ್ಲಿ ಏನೇನೋ ಹೇಳುತ್ತಿದ್ದಾಗ ಒಳಗೆ ಇನ್ನೊಂದೇ ಸಾಲು ಓಡುತ್ತಿತ್ತು ಎಂಬುದು ಅವರ ಗಮನಕ್ಕೆ ಬಂತು: ನನ್ನ ಮಾತು ಡಾಕ್ಟರಿಗೆ ಬೇಸರ ತರಿಸುತ್ತಿದೆಯೇನೋ. ಕೇಳುವವರೆಗೂ ಆಕೆ ಅದನ್ನು ಹೇಳಿರಲಿಲ್ಲ, ಏಕೆಂದರೆ ಅದು ಆಕೆಗೆ ಮಾತು ಎಂದೇ ಅನ್ನಿಸಿರಲಿಲ್ಲ. ಸೀಲಿಂಗ್ ಫ್ಯಾನಿನ ಸದ್ದಿನ ಹಾಗೆ, ನಿಂತಾಗ ಮಾತ್ರ ಇತ್ತೆಂದು ಗೊತ್ತಾಗುವ ಮಾತು. 1960ರ ದಶಕದಲ್ಲಿ ಬೆಕ್ ಕಟ್ಟಿದ ಚಿಕಿತ್ಸಾಕ್ರಮ ನಿಂತಿರುವುದು ಈ ಸದ್ದನ್ನು ಹಿಡಿದು, ಕಾಗದದ ಮೇಲೆ ಬರೆದು, ‘ಇದಕ್ಕೆ ಪುರಾವೆ ಏನು?’ ಎಂದು ಕೇಳುವುದರ ಮೇಲೆ. ಲೆಕ್ಕದ ಮೇಷ್ಟ್ರಿಗೆ ಇದು ಹಿಡಿಸಿತು. ಕ್ರಮ ಬರೆಯದೆ ಉತ್ತರ ಬರೆದರೆ ಅಂಕ ಇಲ್ಲ.

ನನ್ನದೇ ಒಂದು ಸಣ್ಣ ಉಪಾಯವೂ ಇದೆ. ಒಳಗಿನ ಬೈಗುಳದ ಭಾಷೆಯನ್ನು ಗಮನಿಸಿ. ಬೈಗುಳಕ್ಕೆ ಊರು ಇರುತ್ತದೆ, ತವರು ಇರುತ್ತದೆ. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಮರೆತಾಗ, ಅರ್ಜಿ ತುಂಬುವಾಗ ಒಂದು ಕಲಂ ಬಿಟ್ಟಾಗ, ನನ್ನೊಳಗೆ ‘ನಿನ್ನದೆಲ್ಲ ಅರ್ಧಂಬರ್ಧ’ ಎಂದು ಬರುತ್ತದೆ. ನಾನು ಮಾತಿನಲ್ಲಿ ಆ ಪದ ಬಳಸುವವನಲ್ಲ. ಅದು ನಮ್ಮಪ್ಪನ ಪದ. ಪಾಪ, ಅವರು ಹೋಗಿ ಎಷ್ಟೋ ವರ್ಷವಾಯಿತು; ಅವರ ಟವೆಲು, ಕೊಡೆ ಯಾವುದೂ ಉಳಿದಿಲ್ಲ, ‘ಅರ್ಧಂಬರ್ಧ’ ಮಾತ್ರ ಗಟ್ಟಿಮುಟ್ಟಾಗಿದೆ. ಈಗ ಅದು ಬಂದಾಗ ‘ಆಗಲಪ್ಪ, ನೋಡುತ್ತೇನೆ’ ಎನ್ನುತ್ತೇನೆ. ಅಷ್ಟಕ್ಕೇ ಅದರ ಅರ್ಧ ವಿಷ ಇಳಿಯುತ್ತದೆ. ಏಕೆಂದರೆ ಅದು ತೀರ್ಪಾಗಿ ಉಳಿಯುವುದಿಲ್ಲ. ಹಾಲು ಉಕ್ಕಿಸಿದ ಮಗನನ್ನು ನೋಡಿ ಸಿಡುಕಿದ ಒಬ್ಬ ತಂದೆಯ ಮಾತಾಗುತ್ತದೆ.

ಬಿದ್ದುಹೋದ ಗುಡಿಸನ್ನು ಮತ್ತೆ ಹಾಕುವುದು ಎಂದರೆ ಇದೇ. ‘ನಾನು’ ಎಂಬುದನ್ನು ‘ನೀನು’ ಎಂದು ಓದುವುದು. ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಐದು ನಿಮಿಷ ಕೊಟ್ಟು, ತೀರ್ಪುಗಾರರ ಮುಂದೆ ಭಾಷಣ ಮಾಡಿ ಎಂದರು. ಆ ಐದು ನಿಮಿಷದ ತಳಮಳವನ್ನು ಕೆಲವರು ‘ನಾನು ಯಾಕೆ ಹೆದರುತ್ತಿದ್ದೇನೆ’ ಎಂದು ಯೋಚಿಸಬೇಕು, ಕೆಲವರು ತಮ್ಮ ಹೆಸರು ಹಿಡಿದು ‘ಇವನು ಯಾಕೆ ಹೆದರುತ್ತಿದ್ದಾನೆ’ ಎಂದು ಯೋಚಿಸಬೇಕು. ಹೆಸರು ಹಿಡಿದವರು ಭಾಷಣ ಚೆನ್ನಾಗಿ ಮಾಡಿದರು, ಆಮೇಲೆ ನಾಚಿಕೆಪಟ್ಟು ಕೊರಗಿದ್ದೂ ಕಡಿಮೆ. ಪಕ್ಕದ ಮನೆಯವನ ಜಗಳಕ್ಕೆ ನಾವು ಎಷ್ಟು ಚೆನ್ನಾಗಿ ಬುದ್ಧಿ ಹೇಳುತ್ತೇವೆ! ಆ ಬುದ್ಧಿ ನಮ್ಮ ಉಪಯೋಗಕ್ಕೆ ಬರಬೇಕಾದರೆ ನಾವೇ ಪಕ್ಕದ ಮನೆಯವರಾಗಬೇಕು.

ನಮ್ಮ ಕವಿಗಳಿಗೆ ಇದು ಹೊಸದಲ್ಲ. ಸರ್ವಜ್ಞ ತ್ರಿಪದಿ ಮುಗಿಸುವಾಗ ತನ್ನ ಹೆಸರನ್ನೇ ಕರೆಯುತ್ತಾನೆ. ದಾಸರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಗದರುತ್ತಾರೆ. ಡಿ.ವಿ.ಜಿ.ಯವರು 1943ರಲ್ಲಿ ಕಗ್ಗ ಪ್ರಕಟಿಸಿದಾಗ ಉಪದೇಶವನ್ನೆಲ್ಲ ನಮ್ಮ ತಲೆಯ ಮೇಲೆ ಹೊರಿಸದೆ ತಿಮ್ಮ ಎಂಬ ಮಂಕನೊಬ್ಬನಿಗೆ ಹೇಳಿದರು, ಪದ್ಯ ಪದ್ಯಕ್ಕೂ ಅವನನ್ನೇ ಕೂಗಿದರು. ಆ ತಿಮ್ಮ ಯಾರು ಎಂದು ಪಂಡಿತರು ಚರ್ಚಿಸಲಿ. ಓದುವಾಗ ಕೂಗು ನನಗೇ ಕೇಳಿಸುತ್ತದೆ, ಬೇಸರವಂತೂ ಆಗುವುದಿಲ್ಲ. ನನ್ನ ಸ್ನೇಹಿತರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಮ್ಮನ್ನು ತಾವು ಬಹುವಚನದಲ್ಲಿ ಮಾತಾಡಿಸುತ್ತಾರೆ. “ಏಳಿ ರಾಯರೇ, ಬೆಳಗಾಯಿತು, ಹಾಲು ತರುವವರು ಯಾರು?” ಏಕವಚನದಲ್ಲಿ ಕರೆದರೆ ತಾನು ಏಳುವುದಿಲ್ಲವಂತೆ.

ಹಾಗೆಂದು ನಮ್ಮನ್ನು ನಾವು ಹೊಗಳಿಕೊಂಡರೆ ಸರಿಹೋಗುತ್ತದೆಯೇ? ಕನ್ನಡಿಯ ಮುಂದೆ ನಿಂತು ‘ನಾನು ಶ್ರೇಷ್ಠ, ನಾನು ಗೆದ್ದೇ ಗೆಲ್ಲುತ್ತೇನೆ’ ಎನ್ನಿ ಎಂದು ತರಬೇತಿ ಕೊಡುವವರು ಈಗ ತಾಲ್ಲೂಕು ಕೇಂದ್ರಗಳಿಗೂ ಬರುತ್ತಾರೆ. ಇದರ ಮೂಲಪುರುಷರಲ್ಲಿ ಒಬ್ಬ ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕೂಯೆ. ದಿನದಿನಕ್ಕೂ ನಾನು ಎಲ್ಲ ಬಗೆಯಲ್ಲೂ ಉತ್ತಮವಾಗುತ್ತಿದ್ದೇನೆ ಎಂದು ಜಪಿಸಲು ಹೇಳುತ್ತಿದ್ದ. ಆದರೆ ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳಿತು. ಗಂಟೆ ಸದ್ದಾದಾಗಲೆಲ್ಲ ‘ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ’ ಎಂದು ಹೇಳಿಕೊಂಡಾಗ, ಮೊದಲೇ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದವರಿಗೆ ಸ್ವಲ್ಪ ಹಿತವಾಯಿತು; ಯಾರಿಗೆ ಅದರ ಅಗತ್ಯವಿತ್ತೋ ಅವರ ಮನಸ್ಸು ಇನ್ನೂ ಕುಗ್ಗಿತು. ಒಳಗಿನ ಗುಮಾಸ್ತ ಸುಮ್ಮನೆ ಕೂರುವುದಿಲ್ಲ, ‘ಯೋಗ್ಯನೇ? ಎಲ್ಲಿ, ರಸೀದಿ ತೋರಿಸು’ ಎನ್ನುತ್ತಾನೆ. ಹೊಗಳಿಕೆಯನ್ನು ಹೊನ್ನಶೂಲ ಎಂದ ಬಸವಣ್ಣನಿಗೆ ಇದು ಗೊತ್ತಿತ್ತು.

ಹೊಗಳಿಕೆಗಿಂತ ಕೆಲಸಕ್ಕೆ ಬರುವುದು ಸೂಚನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ದಾರಿ ನಿಮಗೆ ಗೊತ್ತು: 57 ಸುರಂಗ, ಐವತ್ತು ಅಡಿ ಹೋದರೆ ಒಂದು ಅಡಿ ಇಳಿಜಾರು, ಮಳೆಗಾಲದಲ್ಲಿ ಮಂಜು. ಅಲ್ಲಿ ಎಂಜಿನಿನಲ್ಲಿ ಕುಳಿತವರು ಸಿಗ್ನಲ್ ಕಂಡಾಗ ಅದರ ಬಣ್ಣವನ್ನು ಬಾಯಿಬಿಟ್ಟು ಕೂಗಿ ಹೇಳುತ್ತಾರೆ, ಜೊತೆಯವರು ಮತ್ತೆ ಅದನ್ನೇ ಹೇಳುತ್ತಾರೆ. ಕಣ್ಣಿಗೆ ಕಂಡದ್ದನ್ನು ಕೂಗುವುದೇಕೆ? ಜಪಾನಿನ ರೈಲ್ವೆ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ. ಸುಮ್ಮನೆ ಕೆಲಸ ಮಾಡುವಾಗ ನೂರಕ್ಕೆ 2.38 ತಪ್ಪು, ಬೆರಳು ತೋರಿಸಿ ಕೂಗಿ ಹೇಳಿದಾಗ 0.38. ಆಟಗಾರರ ಬಗ್ಗೆಯೂ ಹೀಗೆಯೇ. 32 ಅಧ್ಯಯನಗಳನ್ನು ಒಟ್ಟು ಹಾಕಿ 2011ರಲ್ಲಿ ನೋಡಿದವರಿಗೆ, ಸೂಕ್ಷ್ಮ ಕೈಚಳಕದ ಕೆಲಸಗಳಲ್ಲಿ ಹುರುಪಿನ ಮಾತಿಗಿಂತ ‘ಹೀಗೆ ಮಾಡು’ ಎಂಬ ಮಾತೇ ಹೆಚ್ಚು ಫಲ ಕೊಟ್ಟದ್ದು ಕಂಡಿತು. ಘಟ್ಟದಲ್ಲಿ ಲಾರಿ ಇಳಿಸುವವರು ‘ನಾನು ಮಹಾನ್ ಚಾಲಕ’ ಎಂದು ಜಪಿಸುವುದನ್ನು ನಾನು ಕೇಳಿಲ್ಲ. ‘ಗೇರು ಇಳಿಸು, ಎಡಕ್ಕೆ ಹಿಡಿ, ನಿಧಾನ’ ಎಂದುಕೊಳ್ಳುವುದನ್ನು ಶಿರಾಡಿಯಲ್ಲಿ ಪಕ್ಕದಲ್ಲೇ ಕುಳಿತು ಕೇಳಿದ್ದೇನೆ.

ವ್ಯಾಕರಣದ ಇನ್ನೊಂದು ಕಿಡಿಗೇಡಿತನ ಹೇಳಿಬಿಡುತ್ತೇನೆ. ‘ನನಗೆ ಲೆಕ್ಕ ಬರುವುದಿಲ್ಲ.’ ಇದು ಇವತ್ತಿನ ಸ್ಥಿತಿಯೋ ಮುಂದಿನ ಭವಿಷ್ಯವೋ? ಕನ್ನಡದಲ್ಲಿ ಎರಡೂ ಒಂದೇ. ‘ನಾಳೆ ಅವನು ಬರುವುದಿಲ್ಲ’ ಎನ್ನುವಾಗಲೂ ಅದೇ ರೂಪ. ಹಾಗಾಗಿ ಇವತ್ತಿನ ಸಂಗತಿ ಹೇಳಲು ಹೋಗಿ ನಾಳೆಗೂ ಬೀಗ ಹಾಕಿ ಬರುತ್ತೇವೆ. ‘ಬಂದಿಲ್ಲ’ ಎಂದರೆ ಬಾಗಿಲು ಓರೆಯಾಗಿರುತ್ತದೆ. ಕರೋಲ್ ಡ್ವೆಕ್ ಎಂಬ ಮನೋವಿಜ್ಞಾನಿ ‘ಇನ್ನೂ’ ಎಂಬ ಪದ ಸೇರಿಸಿ ಎಂದು ಹೇಳಿ ಹೆಸರಾದರು. ಇದೂ ಮಂತ್ರದಂಡವಲ್ಲ. ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿ ಮಕ್ಕಳಲ್ಲಿ, ಬುದ್ಧಿ ಬೆಳೆಯಬಲ್ಲದು ಎಂಬ ಪಾಠ ಕೊಟ್ಟು ನೋಡಿ 2019ರಲ್ಲಿ ಪ್ರಕಟಿಸಿದಾಗ, ಹಿಂದುಳಿದ ಮಕ್ಕಳ ದರ್ಜೆ ಒಂದಂಶದ ಹತ್ತನೆಯ ಒಂದು ಭಾಗದಷ್ಟು ಏರಿತ್ತು. ಕಡಿಮೆಯೇ. ಆದರೆ ಅದಕ್ಕೆ ಹಿಡಿದದ್ದು ಒಂದು ಗಂಟೆಗಿಂತ ಕಡಿಮೆ ಹೊತ್ತು, ಖರ್ಚಾದದ್ದು ಕೆಲವು ಪುಟ ಮಾತು. ಮೂವತ್ತು ವರ್ಷ ಗಂಟಲು ಹರಿದುಕೊಂಡವನಿಗೆ ಇದು ಅಗ್ಗದ ವ್ಯಾಪಾರವೇ.

ಹಾಸನಾಂಬೆಯ ಹುಂಡಿ ಎಣಿಸಿದ ಮರುದಿನ ಪತ್ರಿಕೆಗಳಲ್ಲಿ ಬರುವ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ದೇವಿಗೆ ಭಕ್ತರು ಬರೆದ ಚೀಟಿಗಳು. ಪರೀಕ್ಷೆ ಪಾಸಾಗಲಿ, ಕೆಲಸ ಸಿಗಲಿ, ಮದುವೆಯಾಗಲಿ. ಜನ ಓದಿ ನಗುತ್ತಾರೆ. ನನಗೆ ಆ ಚೀಟಿಗಳನ್ನು ಪತ್ರಿಕೆಗೆ ಕೊಡುವುದೇ ಸರಿ ಕಾಣುವುದಿಲ್ಲ, ಅದು ಇಬ್ಬರ ನಡುವಿನ ಮಾತು. ಬರೆಯುವವರ ಕಡೆಯಿಂದ ಯೋಚಿಸಿ. ಒಳಗೆ ಗಿರಗಿರ ಸುತ್ತುತ್ತಿದ್ದ ಆಸೆಯನ್ನು ಮೊದಲ ಸಲ ಒಂದು ಪೂರ್ಣ ವಾಕ್ಯವಾಗಿ, ಕ್ರಿಯಾಪದ ಹಾಕಿ, ಬರೆಯಬೇಕಾಗುತ್ತದೆ. ಅದರ ಮೇಲೆ ಅಮ್ಮನಿಗೆ ಬರೆಯುವಾಗ ‘ನಾನು ದಂಡಪಿಂಡ’ ಎಂದು ಯಾರೂ ಬರೆಯಲಾರರು ಎಂದು ನನ್ನ ಊಹೆ. ಕೇಳುವವಳು ನಮ್ಮ ಕಡೆಯವಳು ಎಂಬ ಭರವಸೆಯಿಂದಲೇ ಪೆನ್ನು ಹಿಡಿದಿರುತ್ತೇವೆ. ಅಮೆರಿಕದ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ನಾಲ್ಕು ದಿನ ಹದಿನೈದು ನಿಮಿಷ ಮನಸ್ಸಿನ ನೋವನ್ನು ಒಡಲು ಬಿಚ್ಚಿ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ನಮ್ಮವರು ಹುಂಡಿಗೆ ಹಾಕಿದ್ದನ್ನು ಅವರು ಸಂಶೋಧಕರ ಕೈಗೆ ಕೊಟ್ಟರು.

ಒಂದು ಮಾತು ತಮಾಷೆ ಬಿಟ್ಟು. ಒಳಗಿನ ಮಾತು ‘ನೀನು ಬದುಕಿರಬಾರದು’ ಎಂಬಲ್ಲಿಗೆ ಬಂದರೆ, ಅಥವಾ ಮಾತು ಹೊರಗಿನಿಂದ ಬೇರೆ ಯಾರೋ ಆಡುತ್ತಿರುವಂತೆ ಕಿವಿಗೆ ಬೀಳತೊಡಗಿದರೆ, ಗುಡಿಸು, ಕೊಂಬು ಎಂದು ನಾನು ಹೇಳಿದ್ದೆಲ್ಲ ಮರೆತುಬಿಡಿ. ಅದು ವೈದ್ಯರ ಕೆಲಸ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

(ಕೊನೆಯಲ್ಲಿ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಬರೆಯುತ್ತೇನೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, “ಮನೆಯಲ್ಲಿ ಒಬ್ಬಳೇ ಇರುತ್ತೇನೆ ಮೇಷ್ಟ್ರೇ. ಪಾತ್ರೆ ತೊಳೆಯುವಾಗ ಪಾತ್ರೆಗಳ ಜೊತೆ ಮಾತಾಡುತ್ತೇನೆ. ಸೊಸೆ ಫೋನಿನಲ್ಲಿ ಕೇಳಿಸಿಕೊಂಡು ಗಾಬರಿಯಾಗಿದ್ದಾಳೆ,” ಎಂದರು. ಪಾತ್ರೆಗಳು ಉತ್ತರ ಕೊಡುತ್ತವೆಯೇ ಎಂದು ಕೇಳಿದೆ. “ಕೊಡುವುದಿಲ್ಲ, ಅದಕ್ಕೇ ನೆಮ್ಮದಿ,” ಎಂದರು. ಇನ್ನೊಬ್ಬ ಕಾಲೇಜು ಹುಡುಗ, “ನನ್ನೊಳಗೆ ಮಾತೇ ಇಲ್ಲ ಸಾರ್, ಬರೀ ಚಿತ್ರಗಳು ಬರುತ್ತವೆ. ಏನಾದರೂ ಊನವೇ?” ಎಂದು ಕೇಳಿದ. ಊನವಲ್ಲ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಎಂಬವರು ಜನರ ಕಿವಿಗೆ ಪುಟ್ಟ ಸದ್ದುಯಂತ್ರ ಸಿಕ್ಕಿಸಿ, ಅದು ಕೂಗಿದ ಕ್ಷಣ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಿಸಿದವರು. ಕೆಲವರಲ್ಲಿ ಸದಾ ಮಾತು, ಕೆಲವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಅವರು ಕಂಡರು. ಹುಡುಗನಿಗೆ ಸಮಾಧಾನವಾಯಿತು. ನನಗೆ ಮಾತ್ರ ಸ್ವಲ್ಪ ಅಸೂಯೆಯಾಯಿತು.)

ಮಂಡಿಯ ಹೆಣ್ಣುಮಗಳ ಬಳಿಗೆ ಮತ್ತೆ ಹೋದಿರೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಹೋದೆ. “ಲೆಕ್ಕ ತಲೆಗೆ ಹತ್ತುವುದಿಲ್ಲ ಎನ್ನುವ ಮಾತು ನಿನ್ನದಲ್ಲಮ್ಮ, ನನ್ನದು. ನಾನು ಹೇಳಿದ್ದು. ತಪ್ಪು ಹೇಳಿದ್ದೆ. ವಾಪಸು ತೆಗೆದುಕೊಂಡು ಹೋಗಲು ಬಂದಿದ್ದೇನೆ,” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕು, “ಇಪ್ಪತ್ತೆಂಟು ವರ್ಷಕ್ಕೆ ಬಡ್ಡಿ ಎಷ್ಟಾಯಿತು ಸಾರ್? ಸರಳಬಡ್ಡಿಯೋ, ಚಕ್ರಬಡ್ಡಿಯೋ?” ಎಂದಳು.

“ಚಕ್ರಬಡ್ಡಿಯೇ ಹಾಕಮ್ಮ,” ಎಂದೆ.

ಬ್ಯಾಂಕಿನ ಕಾಗದಗಳ ವಿಷಯ ಕೇಳಿದೆ. ಮೈದುನ ಬಂದಾಗ ಕೇಳಿ ನೋಡುತ್ತೇನೆ ಎಂದಳು, ನೋಡುತ್ತಾಳೋ ಇಲ್ಲವೋ. ಅಷ್ಟರಲ್ಲಿ ತೂಕದ ಕಡೆಯಿಂದ ಕೂಗು ಬಂತು: 52 ಚೀಲ, ದರ 1,790. ಈ ಸಲ ನಾನು ಗುಣಿಸಲು ಹೋಗಲಿಲ್ಲ, ಅವಳ ಮುಖ ನೋಡುತ್ತಾ ನಿಂತೆ. ತುಟಿ ಅಲುಗುತ್ತಿತ್ತು. ಸ್ವಲ್ಪ ಬಾಗಿ ಕಿವಿಗೊಟ್ಟೆ. “ಎಂಟುನೂರ ತೊಂಬತ್ತೈದು... ಒಂಬೈನೂರು ಅಂತ ಹಿಡಿ... ನಲವತ್ತಾರು ಎಂಟುನೂರು... ಚೀಲಕ್ಕೆ ಐದು ಹೆಚ್ಚು ಹಿಡಿದೆ, ಇನ್ನೂರ ಅರವತ್ತು ತೆಗೆ...” ಆಮೇಲೆ ತಲೆಯೆತ್ತಿ, ಆ ಕಡೆಯವರಿಗೆ ಕೇಳುವಷ್ಟು ಜೋರಾಗಿ, “46,540,” ಎಂದಳು.